ಕೂಡೋದಾ, ಕಳೆಯೋದಾ ಮೇಡಂ?

ಕೇಳುಗರಿಗೆ ನಮಸ್ಕಾರ.

ಗಣಿತ ಪಾಠ ಮಾಡುವ ಯಾರನ್ನಾದರೂ ಕೇಳಿ ನೋಡಿ. ಮಕ್ಕಳ ಬಾಯಲ್ಲಿ ಪದೇ ಪದೇ ಬರುವ ಪ್ರಶ್ನೆ ಒಂದೇ: “ಮೇಡಂ, ಇದು ಕೂಡೋದಾ, ಕಳೆಯೋದಾ?” ಲೆಕ್ಕ ಓದಿ ಮುಗಿದಿರುವುದಿಲ್ಲ, ಆಗಲೇ ಕೈ ಮೇಲೆದ್ದಿರುತ್ತದೆ. ಕೂಡು ಎಂದರೆ ತಪ್ಪಿಲ್ಲದೆ ಕೂಡುತ್ತಾರೆ, ಮಗ್ಗಿಯೂ ಬರುತ್ತದೆ. ಅವರು ಎಡವುವುದು ಹೇಳಿಕೆ ಲೆಕ್ಕದ ಆ ಎರಡು ಮೂರು ಸಾಲುಗಳಲ್ಲಿ.

ಇದನ್ನು ಕೇಳಿ. “ಸೀತೆಯ ಬಳಿ 12 ಮಾವಿನಹಣ್ಣುಗಳಿವೆ. ಇದು ರವಿಯ ಬಳಿ ಇರುವುದಕ್ಕಿಂತ 5 ಹೆಚ್ಚು. ರವಿಯ ಬಳಿ ಎಷ್ಟಿವೆ?” ಆರನೇ ತರಗತಿಯ ಮಕ್ಕಳೂ ಥಟ್ಟನೆ 17 ಅಂದುಬಿಡುತ್ತಾರೆ. ‘ಹೆಚ್ಚು’ ಕಂಡರೆ ಕೂಡು, ‘ಉಳಿದದ್ದು’ ಕಂಡರೆ ಕಳೆ ಎಂದು ಅವರಿಗೆ ಹೇಳಿಕೊಟ್ಟವರು ನಾವೇ. ನಾನೂ ಎಷ್ಟೋ ವರ್ಷ ಹಾಗೇ ಹೇಳಿಕೊಟ್ಟೆ. ಪಾಪ, ಆ ಮಗು ನಾವು ಹೇಳಿದ್ದನ್ನೇ ಮಾಡಿತು. ಲೆಕ್ಕ ಮಾತ್ರ ತಪ್ಪಿತು.

ಇದು ನಮ್ಮ ಶಾಲೆಗಳ ಕಥೆ ಮಾತ್ರ ಅಂದುಕೊಳ್ಳಬೇಡಿ. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಹೀಗೊಂದು ಲೆಕ್ಕ ಕೊಟ್ಟಿದ್ದರು. ಒಂದು ಬಸ್ಸಿನಲ್ಲಿ 36 ಸೈನಿಕರು ಕೂರಬಹುದು. 1128 ಸೈನಿಕರಿಗೆ ಎಷ್ಟು ಬಸ್ಸು ಬೇಕು? ನೂರಕ್ಕೆ 70 ಮಕ್ಕಳು ಭಾಗಾಕಾರ ಸರಿಯಾಗಿಯೇ ಮಾಡಿದರು. ಆದರೆ 32 ಬಸ್ಸು ಎಂದು ಬರೆದವರು ನೂರಕ್ಕೆ 23 ಮಾತ್ರ. ಅವರಿಗಿಂತ ಹೆಚ್ಚು ಮಕ್ಕಳು “31 ಬಸ್ಸು, ಶೇಷ 12” ಎಂದು ಬರೆದು ಪೆನ್ನು ಕೆಳಗಿಟ್ಟರು. ಶೇಷವಾಗಿ ಉಳಿದವರು ಮನುಷ್ಯರು ಎನ್ನುವುದು ಅವರಿಗೆ ಹೊಳೆಯಲೇ ಇಲ್ಲ.

ಇದೇ ಲೆಕ್ಕವನ್ನು ನಾನು ನಮ್ಮ ತರಗತಿಯಲ್ಲಿ ಕೊಟ್ಟಾಗ ಒಬ್ಬ ಹುಡುಗ, “31 ಸಾಕು ಮೇಡಂ. 12 ಜನ ನಿಂತ್ಕೊಂಡು ಹೋಗ್ತಾರೆ, ನಮ್ಮೂರ ಬಸ್ಸಲ್ಲಿ ನಾವು ಹೋಗಲ್ವಾ?” ಅಂದ. ನನಗೆ ಆ ಉತ್ತರ ತುಂಬಾ ಹಿಡಿಸಿತು. ಅವನು ಬಸ್ಸನ್ನು ಕಣ್ಣಮುಂದೆ ತಂದುಕೊಂಡಿದ್ದ. ಲೆಕ್ಕ ಶುರುವಾಗಬೇಕಾದದ್ದು ಅಲ್ಲಿಂದಲೇ.

ಮಕ್ಕಳು ಹಾಗೆ ಕಣ್ಣಮುಂದೆ ತಂದುಕೊಳ್ಳುವಂತೆ ಮಾಡಲು ನನಗೆ ಒದಗಿದ ದಾರಿಯ ಹೆಸರು ಪರಸ್ಪರ ಬೋಧನೆ. ಅದು ಮೊದಲು ಹುಟ್ಟಿದ್ದು ಗಣಿತಕ್ಕಾಗಿ ಅಲ್ಲ, ಓದಿಗಾಗಿ. ಆನ್‌ಮೇರಿ ಪಾಲಿಂಕ್‌ಸರ್ ಮತ್ತು ಆ್ಯನ್ ಬ್ರೌನ್ ಎಂಬ ಅಮೆರಿಕದ ಇಬ್ಬರು ಸಂಶೋಧಕಿಯರು 1984ರಲ್ಲಿ ಇದರ ಬಗ್ಗೆ ಬರೆದರು. ಅವರ ಮುಂದಿದ್ದವರು ಏಳನೇ ತರಗತಿಯ ಮಕ್ಕಳು. ಅಕ್ಷರ ಬಿಡದೆ ಓದುತ್ತಿದ್ದರು, ಓದಿದ್ದೇನು ಎಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ. ಆ ಮಕ್ಕಳಿಗೆ ನಾಲ್ಕು ಕೆಲಸ ಕಲಿಸಿದರು: ಮುಂದೇನು ಬರಬಹುದೆಂದು ಊಹಿಸುವುದು, ತಿಳಿಯದ್ದನ್ನು ಬಿಡಿಸಿಕೊಳ್ಳುವುದು, ಪ್ರಶ್ನೆ ಹಾಕುವುದು, ಸಾರ ಹೇಳುವುದು. ಮೊದಲು ಶಿಕ್ಷಕರು ಗಟ್ಟಿಯಾಗಿ ಯೋಚಿಸುತ್ತಾ ಮಾಡಿ ತೋರಿಸಿದರು. ಆಮೇಲೆ ಸರದಿ ಪ್ರಕಾರ ಮಕ್ಕಳೇ ಮೇಷ್ಟ್ರಾದರು. ಮುಂದೆ ಬೇರೆ ಬೇರೆ ಕಡೆಯ ಶಿಕ್ಷಕರು ಇದನ್ನು ಗಣಿತಕ್ಕೆ ಒಗ್ಗಿಸಿಕೊಂಡರು. ನಾನು ಮಾಡುವಾಗ ಪ್ರಶ್ನೆ ಹಾಕುವವರ ಜಾಗದಲ್ಲಿ ಲೆಕ್ಕ ಬಿಡಿಸುವವರು ಇರುತ್ತಾರೆ.

ನಾನು ಪಾಠ ಮಾಡುವುದು ಅಡಿಕೆ ಸೀಮೆಯ ಶಾಲೆಯಲ್ಲಿ. ನಾಲ್ಕು ನಾಲ್ಕು ಮಕ್ಕಳ ಗುಂಪು. ಒಂದು ದಿನ ಕೊಟ್ಟ ಲೆಕ್ಕ ಹೀಗಿತ್ತು: “24 ಮೀಟರ್ ಉದ್ದ, 18 ಮೀಟರ್ ಅಗಲದ ಆಯತಾಕಾರದ ತೋಟದ ಸುತ್ತ 3 ಮೀಟರಿಗೊಂದರಂತೆ ಕಲ್ಲುಕಂಬ ನೆಡಬೇಕು. ಒಂದು ಕಂಬಕ್ಕೆ 250 ರೂಪಾಯಿ. ಒಟ್ಟು ಖರ್ಚೆಷ್ಟು?”

ಊಹಿಸುವ ಹುಡುಗಿ, “ಉತ್ತರ ದುಡ್ಡಲ್ಲಿ ಬರುತ್ತೆ, ಸಾವಿರದ ಮೇಲೆ ಇರುತ್ತೆ” ಅಂದಳು. ಅಷ್ಟು ಸಾಕು. ಕೊನೆಗೆ 28 ಎಂದು ಬಂದರೆ, ಇದು ಕಂಬದ ಲೆಕ್ಕ, ಕೆಲಸ ಇನ್ನೂ ಬಾಕಿ ಇದೆ ಎಂದು ಅವಳೇ ಹಿಡಿಯುತ್ತಾಳೆ.

ತಿಳಿಯದ ಮಾತನ್ನು ಬಿಡಿಸಿ ಹೇಳುವ ಸರದಿಯ ಹುಡುಗ ‘3 ಮೀಟರಿಗೊಂದರಂತೆ’ ಎನ್ನುವಲ್ಲಿ ನಿಂತ. ಒಂದೊಂದು ಕಂಬ 3 ಮೀಟರ್ ಎತ್ತರ ಅಂತ ಅವನು ತಿಳಿದಿದ್ದ! ನಾನು ಕರಿಹಲಗೆಯ ಮುಂದೆ ನಿಂತು ಬಿಡಿಸಿದ್ದರೆ ಈ ತಪ್ಪು ನನಗೆ ಗೊತ್ತೇ ಆಗುತ್ತಿರಲಿಲ್ಲ. ಪಕ್ಕದವಳು ಪುಸ್ತಕದ ಮೇಲೆ ಪೆನ್ಸಿಲ್ ಇಟ್ಟು, “ಇಲ್ಲೊಂದು, ಮೂರು ಮೀಟರ್ ಬಿಟ್ಟು ಅಲ್ಲೊಂದು” ಎಂದು ತೋರಿಸಿದಳು. ಇನ್ನೊಬ್ಬ, “ಉಣುಗೋಲು ಎಲ್ಲಿ ಬರುತ್ತೆ?” ಅಂದ. ಉಣುಗೋಲು ಅಂದರೆ ತೋಟದೊಳಗೆ ಹೋಗಲು ಬೇಲಿಯಲ್ಲಿ ಬಿಡುವ, ಅಡ್ಡಕೋಲು ಸರಿಸಿ ದಾಟುವ ದಾರಿ. ತೋಟ ಕಂಡ ಮಗುವಿನ ಪ್ರಶ್ನೆ ಅದು. ಉಣುಗೋಲಿಗೂ ಎರಡು ಕಡೆ ಕಂಬ ಬೇಕಲ್ಲ, ಲೆಕ್ಕ ಬದಲಾಗುವುದಿಲ್ಲ ಎಂದು ಅವರವರೇ ತೀರ್ಮಾನಿಸಿದರು.

ಆಮೇಲೆ ಜಗಳ. ಸುತ್ತಳತೆ 84, ಭಾಗಿಸು 3, ಕಂಬ 28. ಆದರೆ ಒಬ್ಬಳು ಒಂದೊಂದೇ ಬದಿ ಎಣಿಸಿದ್ದಳು: ಉದ್ದಕ್ಕೆ 9, ಅಗಲಕ್ಕೆ 7, ಎರಡೆರಡು ಬದಿ ಸೇರಿ 32. ಯಾರದು ಸರಿ? ನನ್ನ ಕಡೆ ನೋಡಿದರು, ನಾನು ಕಿಟಕಿಯ ಕಡೆ ನೋಡಿದೆ. ಸ್ವಲ್ಪ ಹೊತ್ತಿಗೆ ಬೇಲಿ ಕೆಲಸ ಕಂಡಿದ್ದ ಹುಡುಗ, “ಮೂಲೆಕಂಬ ಎರಡು ಸಲ ಎಣಿಸಿದೀಯ ಕಣೇ!” ಎಂದು ಕೂಗಿದ. ನಾಲ್ಕು ಮೂಲೆ, 32ರಲ್ಲಿ ನಾಲ್ಕು ಕಳೆದರೆ 28. ಖರ್ಚು 7000 ರೂಪಾಯಿ. ಸಾರ ಹೇಳಬೇಕಾದವಳು ಉತ್ತರಕ್ಕಿಂತ ಮೊದಲು ಆ ಜಗಳವನ್ನೇ ಹೇಳಿದಳು.

ಒಂದೇ ಲೆಕ್ಕಕ್ಕೆ ಪೂರ್ತಿ ಒಂದು ಪೀರಿಯಡ್ ಹೋಯಿತು. “ಪೋರ್ಷನ್ ಮುಗಿಯೋದು ಯಾವಾಗ?” ಎಂದು ಸಹೋದ್ಯೋಗಿಗಳು ಕೇಳುತ್ತಾರೆ, ಆ ಆತಂಕ ನನಗೂ ಇದೆ. ಅದಕ್ಕೇ ವಾರಕ್ಕೆ ಎರಡೇ ಪೀರಿಯಡ್ ಹೀಗೆ, ಉಳಿದದ್ದು ಎಂದಿನಂತೆ. ಗುಂಪಿನಲ್ಲಿ ಚುರುಕಾದ ಮಗು ಎಲ್ಲವನ್ನೂ ತಾನೇ ಮಾಡಿ ಮುಗಿಸುವ ಅಪಾಯವೂ ಉಂಟು. ನಾವೊಂದು ನಿಯಮ ಮಾಡಿಕೊಂಡೆವು: ಪೆನ್ನು ಹಿಡಿದವರು ತಮ್ಮ ಯೋಚನೆ ಬರೆಯುವಂತಿಲ್ಲ, ಉಳಿದ ಮೂವರು ಹೇಳಿದ್ದನ್ನಷ್ಟೇ ಬರೆಯಬೇಕು. ಪೆನ್ನು ಮೊದಲು ಹೋಗುವುದು ಆ ಚುರುಕಾದವರ ಕೈಗೇ. ಇನ್ನೊಂದು ಮಾತು. ಮೊದಲ ಕೆಲವು ವಾರ ಮೇಷ್ಟ್ರೇ ನಾಲ್ಕೂ ಪಾತ್ರ ಮಾಡಿ ತೋರಿಸಬೇಕು. “ಈ ಪದ ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಓದ್ತೀನಿ” ಎಂದು ನಾವು ಬಾಯಿಬಿಟ್ಟು ಹೇಳಬೇಕು. ಈ ಕೆಲಸ ಮಾಡದೆ ಸುಮ್ಮನೆ ಗುಂಪು ಮಾಡಿ ಕೂರಿಸಿದರೆ ಗಲಾಟೆ ಮಾತ್ರ ಉಳಿಯುತ್ತದೆ.

ಮನೆಯಲ್ಲಿ ಕೇಳುತ್ತಿರುವ ತಂದೆತಾಯಿಯರೇ, ನಿಮಗೆ ಗಣಿತ ಬರಬೇಕೆಂದೇನಿಲ್ಲ. ಮಗು ಲೆಕ್ಕ ಹಿಡಿದು ಬಂದಾಗ, “ಪುಸ್ತಕ ಮುಚ್ಚು, ಅಂಕಿ ಒಂದೂ ಹೇಳದೆ ಲೆಕ್ಕ ಏನು ಅಂತ ಹೇಳು” ಅನ್ನಿ. “ಒಬ್ಬರ ತೋಟ ಇದೆ, ಅದರ ಸುತ್ತ ಕಂಬ ನೆಡಬೇಕು, ಎಷ್ಟು ಖರ್ಚು ಅಂತ ಕೇಳಿದಾರೆ” ಎಂದು ಮಗು ಹೇಳಿತೋ, ಲೆಕ್ಕ ಅರ್ಧ ಮುಗಿದಂತೆ. ಹೇಳಲು ಬರಲಿಲ್ಲವೋ, ಬೈಯಬೇಡಿ. ನಿಧಾನವಾಗಿ ಇನ್ನೊಮ್ಮೆ ಗಟ್ಟಿಯಾಗಿ ಓದಿಸಿ.

ಕಳೆದ ವಾರ ನಮ್ಮ ಮಕ್ಕಳೇ ಆ ಲೆಕ್ಕವನ್ನು ಸ್ವಲ್ಪ ತಿದ್ದಿ, ಉದ್ದವನ್ನು 24ರ ಬದಲು 25 ಮೀಟರ್ ಮಾಡಿದರು. ಕಂಬಗಳ ನಡುವೆ 3 ಮೀಟರಿಗಿಂತ ಹೆಚ್ಚು ಅಂತರ ಇರಕೂಡದು ಎಂದೂ ಸೇರಿಸಿದರು. ಈಗ ಒಂದು ಗುಂಪು 29 ಕಂಬ ಸಾಕು ಅನ್ನುತ್ತಿದೆ. ಇನ್ನೊಂದು ಗುಂಪು, ಮೂಲೆಕಂಬ ಇಲ್ಲದೆ ತಂತಿ ನಿಲ್ಲುತ್ತಾ, 30 ಬೇಕೇ ಬೇಕು ಎಂದು ಹಟ ಹಿಡಿದಿದೆ. ಸೋಮವಾರ ಮನೆಯಿಂದ ಹಗ್ಗ ತರುತ್ತೇನೆ, ಮೈದಾನದಲ್ಲೇ ಅಳೆದು ನೋಡೋಣ ಎಂದು ಒಬ್ಬ ಹೇಳಿದ್ದಾನೆ.

ನಮಸ್ಕಾರ.