ಹಂತಹಂತವಾಗಿ ಬೆಳೆದ ಆಲ್ಬಂ: ಮ್ಯಾಡ್‌ನೆಸ್ ಕಂಡ ಲಂಡನ್

[ದೃಶ್ಯ: ಹ್ಯಾಕ್ನಿ ಎಂಪೈರ್ ರಂಗಮಂದಿರ, ರಾತ್ರಿ]

2008ರ ಜೂನ್. ಪೂರ್ವ ಲಂಡನ್ನಿನ ಈ ಹಳೆಯ ರಂಗಮಂದಿರದಲ್ಲಿ ಲಂಡನ್ನಿನದೇ ಸಂಗೀತ ತಂಡ ಮ್ಯಾಡ್‌ನೆಸ್ ಇನ್ನೂ ಬಿಡುಗಡೆಯಾಗದ ಆಲ್ಬಮ್ಮಿನ ಹಾಡುಗಳನ್ನು ಹಾಡುತ್ತಿದೆ. ಅದರಲ್ಲಿನ "ಎನ್‌ಡಬ್ಲ್ಯೂ5" ಆ ವರ್ಷದ ಆರಂಭದಲ್ಲೇ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಬಂದಿತ್ತು. 2009ರ ಮಾರ್ಚ್‌ನಲ್ಲಿ ಹೆಚ್ಚು ಹಾಡುಗಳಿದ್ದ ಬಾಕ್ಸ್ ಸೆಟ್ ಅಭಿಮಾನಿಗಳ ಕೈ ಸೇರಿತು. ಮೇ ತಿಂಗಳಲ್ಲಿ ಅಂಗಡಿಗೆ ಬಂದ ಪ್ರತಿಯಲ್ಲಿ ಉಳಿದದ್ದು 15 ಹಾಡು. ಆಲ್ಬಮ್ಮಿನ ಹೆಸರು "ದಿ ಲಿಬರ್ಟಿ ಆಫ್ ನಾರ್ಟನ್ ಫೋಲ್ಗೇಟ್".

[ದೃಶ್ಯ: ಹಳೆಯ ಲಂಡನ್ ನಕ್ಷೆ]

ಇಲ್ಲಿ "ಲಿಬರ್ಟಿ" ಎಂಬುದು ಆಡಳಿತದ ಪದ. ಬಿಷಪ್ಸ್‌ಗೇಟ್ ಮತ್ತು ಶೋರ್‌ಡಿಚ್ ನಡುವಿನ ನಾರ್ಟನ್ ಫೋಲ್ಗೇಟ್, ತನ್ನ ಕೆಲಸಗಳನ್ನು ತಾನೇ ನೋಡಿಕೊಳ್ಳುತ್ತಿದ್ದ ಪುಟ್ಟ ಪ್ರದೇಶ. 1900ರಲ್ಲಿ ಅದನ್ನು ರದ್ದುಮಾಡಿ ಅಕ್ಕಪಕ್ಕದ ಬರೋಗಳಿಗೆ (ನಗರದ ಆಡಳಿತ ವಿಭಾಗಗಳಿಗೆ) ಸೇರಿಸಿದರು.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಬ್ರಿಕ್ ಲೇನ್. ಅಲ್ಲಿನ ಒಂದು ಕಟ್ಟಡವನ್ನು ನೀವು ನೋಡಲೇಬೇಕು. ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟಂಟ್ ಕ್ರೈಸ್ತರಾದ ಹ್ಯೂಗನಾಟರು 1743ರಲ್ಲಿ ಕಟ್ಟಿಕೊಂಡ ಚರ್ಚ್ ಅದು. ಮುಂದೆ ಮತ್ತೊಂದು ಕ್ರೈಸ್ತ ಪಂಗಡವಾದ ಮೆಥೊಡಿಸ್ಟರ ಪ್ರಾರ್ಥನಾ ಮಂದಿರ, ಆಮೇಲೆ ಯಹೂದಿಗಳ ಸಿನಗಾಗ್. 1976ರಿಂದ ಬಂಗಾಳಿ ಮುಸ್ಲಿಮರ ಮಸೀದಿ. ಗೋಡೆಗಳು ಅವೇ, ದೇವರನ್ನು ಕರೆಯುವ ಭಾಷೆ ಮಾತ್ರ ಬೇರೆ ಬೇರೆ. ಆಲ್ಬಮ್ಮಿನ ಕೊನೆಯ ಹಾಡು ಸುತ್ತುವುದು ಈ ಬೀದಿಗಳಲ್ಲೇ. ಸುಮಾರು 10 ನಿಮಿಷದ ಆ ಹಾಡಿನಲ್ಲಿ ಲಯ ಮತ್ತೆ ಮತ್ತೆ ಬದಲಾಗುತ್ತದೆ. ಒಂದು ಓಣಿ ಮುಗಿದು ಇನ್ನೊಂದು ತೆರೆದುಕೊಂಡ ಹಾಗೆ.

[ದೃಶ್ಯ: ಗಿಟಾರ್ ಮೀಟುವ ಕೈ]

ಮ್ಯಾಡ್‌ನೆಸ್ ಹೊರಟಿದ್ದು ಸ್ಕಾ ಸಂಗೀತದಿಂದ. ಸ್ಕಾ ಎಂದರೇನು? ಕೈತಟ್ಟಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ. ಎರಡು ತಟ್ಟುಗಳ ನಡುವಿನ ಸಂದಿಯಲ್ಲಿ ಗಿಟಾರ್ ಚುಟುಕಾಗಿ ಮಿಡಿಯುತ್ತದೆ. ಜಮೈಕಾದಲ್ಲಿ 1950ರ ದಶಕದ ಕೊನೆಗೆ ಹುಟ್ಟಿದ ಈ ನಡೆ ವಲಸಿಗರ ಜೊತೆಯಲ್ಲಿ ಬ್ರಿಟನ್ನಿಗೆ ಬಂತು. 1976ರಲ್ಲಿ ಕ್ಯಾಮ್ಡೆನ್‌ನಲ್ಲಿ ಒಟ್ಟುಗೂಡಿದ ಹುಡುಗರು ತಮ್ಮ ತಂಡಕ್ಕೆ ಇಟ್ಟುಕೊಂಡ "ಮ್ಯಾಡ್‌ನೆಸ್" ಎಂಬ ಹೆಸರೂ ಜಮೈಕಾದ ಸ್ಕಾ ಗಾಯಕ ಪ್ರಿನ್ಸ್ ಬಸ್ಟರ್‌ನ ಹಾಡಿನದು. 1979ರ ಮೊದಲ ಸಿಂಗಲ್ "ದಿ ಪ್ರಿನ್ಸ್" ಅವನಿಗೇ ಸಲ್ಲಿಸಿದ ನಮನ.

ತಂಡ ಬೇಗನೆ ಪಾಪ್ ಕಡೆಗೆ ಹೊರಳಿತು. 1982ರ "ಅವರ್ ಹೌಸ್" ಜಗತ್ತಿಗೇ ಗೊತ್ತು. ಆದರೂ ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೆಲಸ 2009ರ ಈ ಆಲ್ಬಮ್ಮೇ. ಮೊದಲ ಆಲ್ಬಮ್ಮಿನ ನಿರ್ಮಾಪಕರಾದ ಕ್ಲೈವ್ ಲ್ಯಾಂಗರ್ ಮತ್ತು ಅಲನ್ ವಿನ್‌ಸ್ಟಾನ್ಲಿ 30 ವರ್ಷಗಳ ಬಳಿಕ ಇಲ್ಲಿಯೂ ಜೊತೆಗಿದ್ದರು. ಹುಡುಗಾಟದ ಹಾಡುಗಳಿಂದ ಹೆಸರಾದವರು ಐವತ್ತರ ಹೊಸ್ತಿಲಲ್ಲಿ ತಮ್ಮ ಊರಿನ ಮಣ್ಣನ್ನು ಪದರಪದರವಾಗಿ ಅಗೆದಿದ್ದಾರೆ.

[ದೃಶ್ಯ: ಬ್ರಿಕ್ ಲೇನ್, ಮುಂಜಾನೆ]

ಕೇಳುವುದಾದರೆ ಬಿಡಿಬಿಡಿಯಾಗಿ ಬೇಡ. ಪೀಠಿಕೆಯಿಂದ ಆರಂಭಿಸಿ, ಕೊನೆಯ ಆ 10 ನಿಮಿಷಗಳಿಗೆ ಹೆಡ್‌ಫೋನ್ ಹಾಕಿಕೊಳ್ಳಿ.