ಕಾಡುಪಾಪದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ವನ್ಯಜೀವಿ ಅಧ್ಯಯನ ಎಂದೊಡನೆ ನಮಗೆಲ್ಲ ನೆನಪಾಗುವುದು ಬಂಡೀಪುರ, ಜೀಪು ಮತ್ತು ಹುಲಿ. ಬೆಂಗಳೂರಿನಲ್ಲಿ ಜೀವವಿಜ್ಞಾನ ಓದುವ ಮಕ್ಕಳು ಅಷ್ಟು ದೂರ ಹೋಗಬೇಕಾಗಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಕೃಷಿ ವಿಶ್ವವಿದ್ಯಾಲಯವಿರುವ ಜಿಕೆವಿಕೆಯ ಮರಗಳಲ್ಲಿ ಕಾಡುಪಾಪಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿಯಂತೆ ಇದನ್ನೂ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಅನುಸೂಚಿಯಲ್ಲಿಯೇ ಇಟ್ಟಿದೆ.

ಕೋತಿಗೆ ದೂರದ ನೆಂಟ ಈ ಪ್ರಾಣಿ. ತೂಕ ಕಾಲು ಕಿಲೋ ಆಸುಪಾಸು. ಬಾಲವಿಲ್ಲ, ಸಣಕಲು ಕೈಕಾಲು, ಮುಖದ ತುಂಬ ಕಣ್ಣು. ಹಗಲೆಲ್ಲ ಕೊಂಬೆಗಳ ಸಂದಿಯಲ್ಲಿ ಮುದುಡಿ ಮಲಗಿ, ಕತ್ತಲಾದ ಮೇಲೆ ಹುಳುಹುಪ್ಪಟೆ ಹುಡುಕುತ್ತದೆ. ಹಾಗಾಗಿ ಇದನ್ನು ಅಧ್ಯಯನ ಮಾಡುವವರ ದಿನಚರಿಯೂ ತಲೆಕೆಳಗು. ಮಗಳು ರಾತ್ರಿ ಹೊತ್ತು ಮರ ನೋಡಲು ಹೋಗುತ್ತಾಳೆಂದರೆ ಯಾವ ತಾಯಿ ನಿಶ್ಚಿಂತೆಯಿಂದ ಮಲಗುತ್ತಾಳೆ ಹೇಳಿ!

ಟಾರ್ಚಿಗೆ ಕೆಂಪು ಹಾಳೆ ಸುತ್ತಿರುತ್ತಾರೆ. ಬಿಳಿ ಬೆಳಕು ಅದರ ಕಣ್ಣಿಗೆ ಹಿಂಸೆ. ನಿಧಾನವಾಗಿ ನಡೆಯುತ್ತಾ ಕೊಂಬೆಗಳ ಮೇಲೆ ಬೆಳಕು ಹಾಯಿಸಿದರೆ ಎಲೆಗಳ ನಡುವೆ ಎರಡು ಕೆಂಡದ ಚೂರುಗಳು ಹೊಳೆಯುತ್ತವೆ. ಬೆಕ್ಕಿನ ಕಣ್ಣೂ ಹೊಳೆಯುತ್ತದೆ, ಪುನುಗಿನದೂ ಹೊಳೆಯುತ್ತದೆ. ಅದಕ್ಕೇ ಅವಸರ ಸಲ್ಲದು. ಕಾಡುಪಾಪವೇ ಎಂದು ಖಚಿತವಾದ ಮೇಲೆ ಸಮಯ, ಮರದ ಜಾತಿ, ಎಷ್ಟು ಎತ್ತರದಲ್ಲಿತ್ತು, ಪಕ್ಕದ ಮರದ ಕೊಂಬೆ ತಾಗುತ್ತಿತ್ತೇ ಎಂಬುದೆಲ್ಲ ಪುಸ್ತಕಕ್ಕೆ ಸೇರುತ್ತದೆ.

ಏನೂ ಕಾಣದ ರಾತ್ರಿಯೂ ಪುಸ್ತಕಕ್ಕೆ ಸೇರಬೇಕು. ಈ ವಿದ್ಯೆಯ ತಿರುಳು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ. ಇರುವುದು ಗೊತ್ತಿರುವ ದಾರಿಯಲ್ಲೇ ಮತ್ತೆ ಮತ್ತೆ ನಡೆದಾಗ ಎಷ್ಟು ಸಲ ಕಂಡಿತು, ಎಷ್ಟು ಸಲ ತಪ್ಪಿಸಿಕೊಂಡಿತು ಎಂಬುದರಿಂದಲೇ ಕಣ್ಣಿಗೆ ಬೀಳದವುಗಳ ಅಂದಾಜು ಸಿಗುತ್ತದೆ. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಇಟ್ಟು, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಲೆಕ್ಕ ಹಾಕಿದ್ದರ ಹಿಂದೆಯೂ ಇದೇ ತರ್ಕವಿತ್ತು. ಚಂದದ ಫೋಟೊಗಳಿಗಷ್ಟೇ ಬೆಲೆ ಕೊಡುವ ಈ ಕಾಲದಲ್ಲಿ, ಖಾಲಿ ರಾತ್ರಿಯನ್ನು ಪ್ರಾಮಾಣಿಕವಾಗಿ ಬರೆದಿಡುವ ವಿದ್ಯಾರ್ಥಿಯ ಮೇಲೆ ನನಗೆ ಹೆಚ್ಚು ಗೌರವ.

ಕೊಂಬೆಯ ವಿಷಯ ಕೇಳುವುದಕ್ಕೂ ಕಾರಣವಿದೆ. ಕಾಡುಪಾಪ ಕೋತಿಯಂತೆ ನೆಗೆಯುವುದಿಲ್ಲ. ಒಂದು ಕೊಂಬೆಯನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕೈ ಚಾಚುತ್ತದೆ. ನಡುವಿನ ಒಂದೇ ಒಂದು ಮರ ಉರುಳಿದರೂ ದಾರಿ ಕಡಿದಂತೆ. ಆಮೇಲೆ ಅದು ನೆಲಕ್ಕೆ ಇಳಿಯಬೇಕು, ಇಲ್ಲವೇ ವಿದ್ಯುತ್ ತಂತಿ ಹಿಡಿಯಬೇಕು. ನೆಲದ ಮೇಲೆ ನಾಯಿಗಳಿವೆ, ತಂತಿಯ ಪಾಡು ಹೇಳಬೇಕಾಗಿಲ್ಲ. ಇದರ ಜೊತೆಗೆ ಮಾಟಮಂತ್ರಕ್ಕೆಂದು ಹಿಡಿಯುವವರ ಕಾಟ. ಹೀಗಾಗಿ ಇಂಥ ಮರದಲ್ಲೇ ಇದೆ ಎಂದು ಊರಿಗೆಲ್ಲ ಸಾರುವುದು ಅಪಾಯ.

ನಿಮ್ಮ ಬಡಾವಣೆಯಲ್ಲಿ ಹಳೆಯ ಮರಗಳ ಸಾಲಿದ್ದು ಕೊಂಬೆ ಕತ್ತರಿಸಲು ಬಂದರೆ, ಒಂದಕ್ಕೊಂದು ತಾಗಿರುವ ಮೇಲಿನ ಕೊಂಬೆಗಳಲ್ಲಿ ಯಾವುದನ್ನು ಉಳಿಸಬಹುದು ಎಂದು ಕೇಳಿ. ನೆಲದಲ್ಲಿ ಕಾಡುಪಾಪ ಸಿಕ್ಕಿದರೆ ಮನೆಗೆ ತರಬೇಡಿ, ಹಾಲು ಕುಡಿಸಬೇಡಿ. ನಾಯಿಗಳನ್ನು ದೂರವಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ನಮಸ್ಕಾರ.