ಜೊತೆಗೆ ಕುಳಿತವರ ಸ್ವಭಾವ

ಸಹಕಾರ ಸಂಘಗಳ ಆಡಳಿತ ಮಂಡಳಿಯ ಸದಸ್ಯರೇ, ಕಾರ್ಯದರ್ಶಿಗಳೇ, ಸ್ವಸಹಾಯ ಗುಂಪುಗಳಿಂದ ಬಂದಿರುವ ತಾಯಂದಿರೇ,

ಸಹಕಾರ ಸಪ್ತಾಹದ ಸಭೆಗೆ ಮನಃಶಾಸ್ತ್ರ ಕಲಿಸಿದವನೊಬ್ಬನನ್ನು ಏಕೆ ಕರೆದರು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅದಕ್ಕೆ ಉತ್ತರ ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದಾಗ, ಹಿಂದಿನ ವರ್ಷವಷ್ಟೇ ಜಾರಿಗೆ ಬಂದಿದ್ದ ಕಾಯ್ದೆಯ ಪ್ರಕಾರ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿ ಇರುತ್ತಿರಲಿಲ್ಲ. ಸಂಘ ಮುಳುಗಿದರೆ ನೆರೆಯವನ ಸಾಲಕ್ಕೆ ನನ್ನ ಹೊಲವೂ ಉತ್ತರ ಕೊಡಬೇಕಾಗುತ್ತಿತ್ತು. ಇಂಥ ಏರ್ಪಾಡು ನಡೆಯಬೇಕಾದರೆ ಯಾರು ಮಾತಿಗೆ ನಿಲ್ಲುವವರು, ಯಾರು ಉತ್ಸಾಹದಲ್ಲಿ ಒಪ್ಪಿ ಆಮೇಲೆ ಹಿಂದೆ ಸರಿಯುವವರು, ಯಾರು ಕಷ್ಟವನ್ನು ಬಾಯಿಬಿಟ್ಟು ಹೇಳದವರು ಎಂಬುದು ಊರಿಗೆಲ್ಲ ಗೊತ್ತಿರಬೇಕು. ಹಾಗಾಗಿ ಪರಸ್ಪರರ ಸ್ವಭಾವದ ತಿಳಿವಳಿಕೆಯೇ ಆ ಸಂಘಗಳ ಮೊದಲ ಅಡಮಾನವಾಗಿತ್ತು ಎಂದು ನಾನು ನಂಬಿದ್ದೇನೆ. ಇಂದು ಹೊಣೆಗೆ ಮಿತಿ ಬಂದಿದೆ, ಲೆಕ್ಕ ಕಂಪ್ಯೂಟರಿಗೆ ಹೋಗಿದೆ. ಆದರೆ ತಿಂಗಳಿಗೊಮ್ಮೆ ಒಂದೇ ಮೇಜಿನ ಸುತ್ತ ಹತ್ತು ಹನ್ನೆರಡು ಬೇರೆ ಬೇರೆ ಸ್ವಭಾವದ ಜನ ಕುಳಿತು ಒಂದು ತೀರ್ಮಾನಕ್ಕೆ ಬರಬೇಕಾದ ಕಷ್ಟ ಹಾಗೆಯೇ ಉಳಿದಿದೆ.

ಮನುಷ್ಯರನ್ನು ಬಗೆ ಬಗೆಯಾಗಿ ವಿಂಗಡಿಸುವ ಆಸೆ ಬಹಳ ಹಳೆಯದು. ಗ್ರೀಕರು ದೇಹದ ನಾಲ್ಕು ರಸಗಳ ಮೇಲೆ ವಿಂಗಡಿಸಿದರು, ನಮ್ಮ ಆಯುರ್ವೇದ ವಾತ, ಪಿತ್ತ, ಕಫ ಪ್ರಕೃತಿಗಳೆಂದಿತು, ಸಾಂಖ್ಯರು ಮೂರು ಗುಣಗಳನ್ನು ಹೇಳಿದರು. ಅಂತರ್ಮುಖಿ, ಬಹಿರ್ಮುಖಿ ಎಂಬ ಮಾತುಗಳು ಇಂದು ಎಲ್ಲರ ಬಾಯಲ್ಲಿರುವುದಕ್ಕೆ ಮನಃಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ವಿಚಾರಗಳು ಕಾರಣ. ಈಗಂತೂ ಹತ್ತು ಪ್ರಶ್ನೆಗೆ ಉತ್ತರಿಸಿದರೆ ಮೊಬೈಲೇ ನಮ್ಮ ಬಗೆಯನ್ನು ಹೇಳಿಬಿಡುತ್ತದೆ, ಓದಿದವರಿಗೆ ಅದು ತಮ್ಮದೇ ಚಿತ್ರ ಅನ್ನಿಸುತ್ತದೆ. ಹಾಗೆ ಅನ್ನಿಸುವುದು ಎಷ್ಟು ಸುಲಭ ಎಂಬುದನ್ನು ಬರ್ಟ್ರಮ್ ಫೋರರ್ ಎಂಬ ಅಧ್ಯಾಪಕರು 1948ರಲ್ಲೇ ತೋರಿಸಿದರು. ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಕೆಲವು ದಿನಗಳ ನಂತರ ಪ್ರತಿಯೊಬ್ಬರಿಗೂ ‘ಇದು ನಿಮ್ಮ ವ್ಯಕ್ತಿತ್ವ’ ಎಂದು ಒಂದು ಬರಹ ಹಂಚಿದರು. ಅದು ತಮಗೆ ಎಷ್ಟು ಹೊಂದುತ್ತದೆ ಎಂಬುದಕ್ಕೆ ವಿದ್ಯಾರ್ಥಿಗಳು ಕೊಟ್ಟ ಸರಾಸರಿ ಅಂಕ 5ಕ್ಕೆ 4.26. ಎಲ್ಲರ ಕೈಗೂ ಹೋಗಿದ್ದು ಒಂದೇ ಬರಹ, ಅದರ ಬಹುಪಾಲು ವಾಕ್ಯಗಳು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡವು.

ಇತ್ತ ಸಂಶೋಧಕರು ಬಗೆಗಳನ್ನು ಬಿಟ್ಟು ಅಳತೆಯ ಕಡೆಗೆ ಹೊರಳುತ್ತಿದ್ದರು. 1936ರಲ್ಲಿ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ ಎಂಬಿಬ್ಬರು ಇಂಗ್ಲಿಷ್ ನಿಘಂಟಿನಿಂದ ಮನುಷ್ಯರ ನಡೆನುಡಿಯನ್ನು ಹೇಳುವ 17,953 ಪದಗಳನ್ನು ಹೆಕ್ಕಿ ತೆಗೆದರು. ನಮ್ಮ ಕನ್ನಡವೂ ಈ ವಿಷಯದಲ್ಲಿ ಬಡವಲ್ಲ: ಮುಂಗೋಪಿ, ಹಠಮಾರಿ, ವಾಚಾಳಿ, ಮೆದುಮನಸ್ಸಿನವ, ಸಂಕೋಚದವಳು, ಎಂದು ಈಗಲೇ ಎಣಿಸತೊಡಗಿದರೆ ಊಟದ ಹೊತ್ತಾದರೂ ಮುಗಿಯಲಿಕ್ಕಿಲ್ಲ. ಅಂಥ ಪದಗಳನ್ನು ದಶಕಗಟ್ಟಲೆ ಜರಡಿ ಹಿಡಿದ ಮೇಲೆ ಐದು ದೊಡ್ಡ ಗುಣಗಳು ಉಳಿದವು: ಹೊಸತಕ್ಕೆ ತೆರೆದ ಮನಸ್ಸು, ಕೆಲಸದ ಶಿಸ್ತು, ಜನರೊಡನೆ ಬೆರೆಯುವ ಹುರುಪು, ಇತರರಿಗೆ ಒದಗುವ ಮೃದುತನ, ಮನಸ್ಸಿನ ತಳಮಳ. ಈ ಐದೂ ಪ್ರತಿಯೊಬ್ಬರಲ್ಲೂ ಇವೆ, ಪ್ರಮಾಣ ಮಾತ್ರ ಬೇರೆ. ಊರಿನ ಜನರನ್ನು ಎತ್ತರದವರು, ಗಿಡ್ಡನೆಯವರು ಎಂದು ಎರಡು ಸಾಲು ಮಾಡಿ ನಿಲ್ಲಿಸಲು ಹೊರಟರೆ ಹೆಚ್ಚಿನವರು ನಡುವೆಯೇ ಉಳಿಯುತ್ತಾರಲ್ಲ, ಸ್ವಭಾವವೂ ಹಾಗೆಯೇ.

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಅರ್ಧ ನಿಜ. ಅವಳಿ ಮಕ್ಕಳ ಅಧ್ಯಯನಗಳು ಹೇಳುವಂತೆ ವ್ಯಕ್ತಿಯಿಂದ ವ್ಯಕ್ತಿಗೆ ಕಾಣುವ ಸ್ವಭಾವದ ವ್ಯತ್ಯಾಸದಲ್ಲಿ ಸುಮಾರು ಶೇಕಡಾ 40ರಿಂದ 50ರಷ್ಟು ಅನುವಂಶೀಯತೆಗೆ ಸೇರಿದ್ದು. ಆದರೆ ವಯಸ್ಸಾದಂತೆ ಬಹಳ ಜನರಲ್ಲಿ ಶಿಸ್ತು, ಮೃದುತನಗಳು ಹೆಚ್ಚುವುದೂ ತಳಮಳ ತಗ್ಗುವುದೂ ಕಂಡುಬಂದಿದೆ. ಆ ಬದಲಾವಣೆಗೆ ವರ್ಷಗಳು ಬೇಕು, ನಮ್ಮ ಮುಂದಿನ ಸಭೆ ಇರುವುದು ಬರುವ ತಿಂಗಳು. ಹಾಗಾಗಿ ಎದುರಿಗೆ ಕುಳಿತವರು ಯಾವ ಬಗೆ ಎಂದು ಕೇಳುವುದನ್ನು ಬಿಟ್ಟು, ಅವರಿಗೆ ಯಾವುದು ಸಲೀಸು, ಯಾವುದು ಭಾರ ಎಂದು ಕೇಳಿಕೊಳ್ಳಿರಿ ಎಂಬುದೇ ನನ್ನ ಕೋರಿಕೆ. ಭಾರ ಯಾವುದೆಂದು ತಿಳಿದರೆ ಅದನ್ನು ಹಗುರ ಮಾಡುವ ಏರ್ಪಾಡು ನಮ್ಮ ಕೈಯಲ್ಲಿರುತ್ತದೆ.

ಇದನ್ನು ನಾನು ತರಗತಿಯಲ್ಲಿ ಕಲಿಯಲಿಲ್ಲ, ಒಂದು ತಪ್ಪಿನಿಂದ ಕಲಿತೆ. ಕೆಲವು ವರ್ಷ ನಾನೂ ಒಂದು ಪತ್ತಿನ ಸಂಘದ ಅಧ್ಯಕ್ಷನಾಗಿದ್ದೆ. ನಮ್ಮ ಮಂಡಳಿಯಲ್ಲಿ ರೈತರೊಬ್ಬರಿದ್ದರು. ಸಭೆಗೆ ಎಲ್ಲರಿಗಿಂತ ಮೊದಲು ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಠರಾವು ಪುಸ್ತಕ ಬಂದಾಗ ಸಹಿ ಮಾಡಿ, ಚಹಾ ಕುಡಿದು ಹೋಗುತ್ತಿದ್ದರು. ಅವರಿಗೆ ಸಂಘದ ಕೆಲಸದಲ್ಲಿ ಆಸಕ್ತಿಯಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಒಂದು ದೊಡ್ಡ ಸಾಲದ ಅರ್ಜಿ ಬಂದಾಗ, ‘ಯಾರದಾದರೂ ಆಕ್ಷೇಪಣೆ ಇದೆಯೇ’ ಎಂದು ಕೇಳಿ, ಎರಡು ಕ್ಷಣ ಕಾದು, ಮಂಜೂರು ಎಂದು ಬರೆಸಿದೆ. ಆ ಸಾಲ ಮರಳಿ ಬರಲಿಲ್ಲ. ಆಮೇಲೆ ತಿಳಿದದ್ದು, ಅಡವಿಟ್ಟ ಜಮೀನಿನ ಮೇಲೆ ಅಣ್ಣತಮ್ಮಂದಿರ ತಂಟೆ ಇತ್ತೆಂಬುದು ಆ ರೈತರಿಗೆ ಮೊದಲೇ ಗೊತ್ತಿತ್ತು. ಏಕೆ ಹೇಳಲಿಲ್ಲ ಎಂದು ತುಸು ಗಡುಸಾಗಿಯೇ ಕೇಳಿದೆ. ಅವರು, ‘ನೀವು ಎಲ್ಲಾರನ್ನೂ ಕೇಳಿದ್ರಿ ಸರ್, ನನ್ನನ್ನ ಕೇಳಲಿಲ್ಲ’ ಎಂದರು.

ಆ ಮಾತಿನಲ್ಲಿ ಕುಹಕವಿರಲಿಲ್ಲ. ಹತ್ತು ಜನರ ಮಾತನ್ನು ತಡೆದು ನಡುವೆ ಬಾಯಿ ಹಾಕುವುದು ಅವರಿಗೆ ನಿಜವಾಗಿಯೂ ಭಾರವಾಗಿತ್ತು, ಅದೇ ಭಾರ ನನಗೆ ಇರಲಿಲ್ಲವಾದ್ದರಿಂದ ನನಗೆ ಅದು ಕಾಣಲಿಲ್ಲ. ಮುಂದೆ ನಾವು ಎರಡು ಬದಲಾವಣೆ ಮಾಡಿಕೊಂಡೆವು. ಅರ್ಜಿಗಳ ಪಟ್ಟಿ ಸಭೆಗೆ ಮೂರು ದಿನ ಮೊದಲೇ ಎಲ್ಲರ ಮನೆಗೆ ಹೋಗತೊಡಗಿತು, ಪ್ರತಿ ಅರ್ಜಿಗೂ ಒಬ್ಬೊಬ್ಬರ ಹೆಸರು ಹಿಡಿದು ಅಭಿಪ್ರಾಯ ಕೇಳತೊಡಗಿದೆವು. ಮರುತಿಂಗಳು ಆ ರೈತರು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿಯೊಂದನ್ನು ತೆಗೆದು ಬಿಡಿಸಿದರು. ಅದರಲ್ಲಿ ಪೆನ್ಸಿಲ್ಲಿನಿಂದ ಅರ್ಜಿಗೊಂದು ಸಾಲು ಬರೆದಿತ್ತು. ಅಷ್ಟು ಖಚಿತವಾದ ಟಿಪ್ಪಣಿಯನ್ನು ನಮ್ಮಲ್ಲಿ ಮಾತಿನ ಮಲ್ಲರಾದ ಯಾರೂ ಎಂದೂ ತಂದಿರಲಿಲ್ಲ, ನಾನೂ ಸೇರಿ.

ಮೃದು ಸ್ವಭಾವದವರ ಕಷ್ಟ ಬೇರೆ. ಅವರೊಡನೆ ಜಗಳವಾಗುವುದಿಲ್ಲವಾದ್ದರಿಂದ ಅವರನ್ನು ಅರ್ಥ ಮಾಡಿಕೊಳ್ಳಬೇಕೆಂದು ನಮಗೆ ಹೊಳೆಯುವುದೇ ಇಲ್ಲ. ಜಾಮೀನಿನ ಸಹಿಯನ್ನು ನೆನಪಿಸಿಕೊಳ್ಳಿರಿ. ಸಾಲ ಪಡೆಯುವವನು ಪಕ್ಕದಲ್ಲೇ ಕುಳಿತು ಮುಖ ನೋಡುತ್ತಿರುವಾಗ ‘ಆಗುವುದಿಲ್ಲ’ ಎನ್ನುವುದು ದಾಕ್ಷಿಣ್ಯದ ಮನುಷ್ಯನಿಗೆ ಸಾಧ್ಯವಿಲ್ಲದ ಮಾತು. ಅವನು ಸಹಿ ಮಾಡಿ ಮನೆಗೆ ಹೋಗುತ್ತಾನೆ, ರಾತ್ರಿಯಿಡೀ ನಿದ್ದೆಗೆಡುತ್ತಾನೆ, ನೋಟಿಸು ಬಂದಾಗ ಹೆಂಡತಿ ಮಕ್ಕಳ ಮುಂದೆ ತಲೆ ತಗ್ಗಿಸುತ್ತಾನೆ. ಇಲ್ಲಿರುವ ಕಾರ್ಯದರ್ಶಿಗಳಲ್ಲಿ ನಾನು ಬೇಡಿಕೊಳ್ಳುತ್ತೇನೆ: ಜಾಮೀನುದಾರರೊಡನೆ ಒಮ್ಮೆಯಾದರೂ ಪ್ರತ್ಯೇಕವಾಗಿ ಮಾತನಾಡಿರಿ, ಕಾಗದವನ್ನು ಓದಿ ಹೇಳಿರಿ, ‘ಮನೆಯಲ್ಲಿ ಕೇಳಿಕೊಂಡು ನಾಳೆ ಬನ್ನಿ’ ಎಂದು ಕಳಿಸಿರಿ. ಮನೆಯವರ ಹೆಸರು ಹೇಳಿ ನಿರಾಕರಿಸುವ ಅವಕಾಶ ಸಿಕ್ಕರೆ ದಾಕ್ಷಿಣ್ಯದವನ ಬಾಯಿಗೂ ‘ಇಲ್ಲ’ ಬರುತ್ತದೆ. ಒಂದು ದಿನ ತಡವಾಗುವುದರಿಂದ ಸಂಘಕ್ಕೆ ಏನೂ ನಷ್ಟವಿಲ್ಲ.

ಸದಾ ಕೆಟ್ಟದ್ದನ್ನೇ ಊಹಿಸುವ ಸದಸ್ಯರ ಬಗ್ಗೆ ಒಂದೇ ಮಾತು. ‘ಮಳೆ ಹೋದರೆ ಏನು ಗತಿ’ ಎಂದು ಪ್ರತಿ ಸಭೆಯಲ್ಲೂ ಕೇಳುವವರನ್ನು ಅಪಶಕುನದವರೆಂದು ಬದಿಗೆ ಸರಿಸಬೇಡಿ. ಮಳೆಯನ್ನೇ ನಂಬಿದ ಈ ಎರೆಯ ಸೀಮೆಯಲ್ಲಿ ಅದು ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ಕಾರ್ಯಸೂಚಿಯಲ್ಲೇ ಹತ್ತು ನಿಮಿಷ ಇಟ್ಟುಬಿಟ್ಟರೆ ಉಳಿದ ಹೊತ್ತು ಅವರೂ ನೆಮ್ಮದಿಯಾಗಿರುತ್ತಾರೆ.

ಎಲ್ಲವೂ ಸ್ವಭಾವವಲ್ಲ ಎಂಬುದನ್ನೂ ಹೇಳಬೇಕು. ನಾವು ತಡವಾಗಿ ಬಂದರೆ ಬಸ್ಸು ಕೆಟ್ಟಿತ್ತು ಎನ್ನುತ್ತೇವೆ, ಬೇರೆಯವರು ತಡವಾಗಿ ಬಂದರೆ ಸೋಮಾರಿ ಎನ್ನುತ್ತೇವೆ. ಪರರ ನಡತೆಗೆ ಸಂದರ್ಭವನ್ನು ಮರೆತು ಸ್ವಭಾವವನ್ನೇ ಕಾರಣ ಮಾಡುವ ಈ ತಪ್ಪಿಗೆ ಲೀ ರಾಸ್ ಎಂಬ ಮನಃಶಾಸ್ತ್ರಜ್ಞರು 1977ರಲ್ಲಿ ಹೆಸರು ಕೊಟ್ಟರು. ನಮ್ಮ ಸಂಘದ ಕಿಟಕಿಗೆ ಬಂದಾಗಲೆಲ್ಲ ಕೂಗಾಡುತ್ತಿದ್ದ ಹಿರಿಯರೊಬ್ಬರನ್ನು ಎಲ್ಲರೂ ಮುಂಗೋಪಿ ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಮ್ಮೆ ಅವರ ಪಾಸ್‌ಬುಕ್ಕನ್ನು ತೆಗೆದುಕೊಂಡು, ಜಮಾ ಎಷ್ಟು, ಬಾಕಿ ಎಷ್ಟು ಎಂದು ಬೆರಳಿಟ್ಟು ಓದಿ ಹೇಳಿದಳು. ಅವರಿಗೆ ಆ ಸಣ್ಣ ಅಚ್ಚು ಕಾಣುತ್ತಿರಲಿಲ್ಲ, ಹಾಗೆಂದು ಹೇಳಿಕೊಳ್ಳಲು ನಾಚಿಕೆ. ಅಂದಿನಿಂದ ಅವರು ಅವಳ ಕಿಟಕಿಗೇ ಬರುತ್ತಿದ್ದರು, ದನಿ ಏರಿದ್ದನ್ನು ಯಾರೂ ಕೇಳಲಿಲ್ಲ.

ಕೊನೆಯದಾಗಿ, ಒಬ್ಬರ ಎಂದಿನ ಸ್ವಭಾವ ನಿಮಗೆ ಚೆನ್ನಾಗಿ ಗೊತ್ತಿದ್ದರೆ ಅದು ಬದಲಾದಾಗಲೂ ನಿಮಗೆ ತಿಳಿಯುತ್ತದೆ. ಪ್ರತಿ ವಾರ ಬಂದು ಹರಟೆ ಹೊಡೆದು ಹೋಗುತ್ತಿದ್ದ ರೈತ ಬೆಳೆ ಕೈಕೊಟ್ಟ ವರ್ಷ ಬರುವುದನ್ನೇ ನಿಲ್ಲಿಸಿದರೆ, ಎದುರಾದಾಗ ಕಣ್ಣು ತಪ್ಪಿಸಿದರೆ, ಊಟ ನಿದ್ದೆ ಬಿಟ್ಟಿದ್ದಾನೆಂದು ಮನೆಯವರು ಹೇಳಿದರೆ, ಅದನ್ನು ಅಂತರ್ಮುಖತೆ ಎಂದು ತಿಳಿಯಬೇಡಿ. ಅದು ಖಿನ್ನತೆಯಾಗಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇಲ್ಲಿಂದ ದೂರವೇನಲ್ಲ. 2022ರಿಂದ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿಯೂ ಇದೆ, ಸಂಖ್ಯೆ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆಯನ್ನು ಸಾಲದ ನೋಟಿಸು ಅಂಟಿಸುವ ಹಲಗೆಯ ಮೇಲೆಯೇ ದೊಡ್ಡ ಅಕ್ಷರದಲ್ಲಿ ಬರೆಸಿರಿ. ಅದಕ್ಕಿಂತ ಮೊದಲು, ಬರದೆ ಉಳಿದವನ ಮನೆಗೆ ವಸೂಲಿಯ ಕಾಗದವಿಲ್ಲದೆ ಒಮ್ಮೆ ನೀವೇ ಹೋಗಿ ಕುಳಿತು ಬನ್ನಿರಿ.